ನಡುರಸ್ತೆಯ ಬೂದುಗುಂಬಳ

ಮೊದಲ ಏಟು ಬಿದ್ದದ್ದು ಬಾಳೆಕಂದಿನಿಂದ. ನಮ್ಮ ಗೇಟಿಗೆ ಕಟ್ಟಿದ್ದ ಎರಡು ಕಂದುಗಳಲ್ಲಿ ಎಡಗಡೆಯದನ್ನು ಒಬ್ಬ ಕಿತ್ತು, ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದವನ ಬೆನ್ನಿಗೆ ಬೀಸಿದ. ಬಾಳೆಕಂದು ಮೆತ್ತಗಿರುತ್ತದೆ. ಅದು ಎರಡು ತುಂಡಾಗಿ ನೀರು ಚಿಮ್ಮಿತು, ಅಷ್ಟೆ. ಎರಡನೆಯದು ಬೂಟುಗಾಲಿನ ಒದೆ. ಮೂರನೆಯದು ವೀಲ್ ಸ್ಪ್ಯಾನರ್. ಆ ಸ್ಪ್ಯಾನರಿಗೆ ಬೆಳಿಗ್ಗೆಯಷ್ಟೇ ಯಾರೋ ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ದಾರದಲ್ಲಿ ಒಂದು ಚೆಂಡುಹೂವು ಸುತ್ತಿದ್ದರು. ಬೀಸಿದ ರಭಸಕ್ಕೆ ಹೂವು ಹಾರಿ ನಮ್ಮ ರಂಗೋಲಿಯ ಮೇಲೆ ಬಿತ್ತು.

ನಾನು ಗೇಟಿನ ಒಳಗೆ, ಐದಾರು ಅಡಿ ದೂರದಲ್ಲಿ ನಿಂತು ನೋಡುತ್ತಿದ್ದೆ. ಹೊಡೆಯುತ್ತಿದ್ದವರು ನಾಲ್ವರು. ಏಟು ತಿನ್ನುತ್ತಿದ್ದವನು ಸೋಲದೇವನಹಳ್ಳಿಯ ಕಾಲೇಜಿನ ಹತ್ತಿರ ತಳ್ಳುಗಾಡಿಯಲ್ಲಿ ಇಡ್ಲಿ, ದೋಸೆ ಮಾರುವವನು. ನಮ್ಮ ಹಿಟ್ಟಿನ ಮೊದಲ ದೊಡ್ಡ ಗಿರಾಕಿ. ಅವನು ಏಟು ತಿಂದದ್ದು ನಾನು ಮಾಡಿದ ಕೆಲಸಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಖ್ಯವಾದದ್ದನ್ನು ಕೊನೆಯ ಪ್ಯಾರಾಕ್ಕೆ ಇಟ್ಟುಕೊಳ್ಳಬೇಡಿ ಎಂದು ಇಪ್ಪತ್ತಾರು ವರ್ಷ ಪತ್ರಿಕೆಯಲ್ಲಿ ಬೇರೆಯವರ ಕಾಪಿಯನ್ನು ತಿದ್ದಿದವನು ನಾನು.

ಪತ್ರಿಕೆಯವರು ಪುಟ ಕಡಿಮೆ ಮಾಡಿದಾಗ ನಮ್ಮ ಡೆಸ್ಕಿನ ಹನ್ನೊಂದು ಜನರಲ್ಲಿ ನಾಲ್ವರನ್ನು ಉಳಿಸಿಕೊಂಡರು. ನಾನು ಆ ನಾಲ್ವರಲ್ಲಿ ಇರಲಿಲ್ಲ. ಆಗ ನಾವಿದ್ದದ್ದು ಚಿಕ್ಕಬಾಣಾವರದಲ್ಲಿ, ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುವ ಬಾಡಿಗೆ ಮನೆಯ ನೆಲಮಹಡಿಯಲ್ಲಿ. ನನ್ನ ಹೆಂಡತಿಯ ದೋಸೆ ಹಿಟ್ಟಿಗೆ ಬೀದಿಯಲ್ಲಿ ಹೆಸರಿತ್ತು. ಪಾತ್ರೆ ಹಿಡಿದು ಬರುವವರಿಗೆ ಅವಳು ಸುಮ್ಮನೆ ಕೊಡುತ್ತಿದ್ದಳು. ನಾನು ಮನೆಯಲ್ಲಿ ಕೂತ ಎರಡನೇ ತಿಂಗಳು ಅವಳು ಪಾತ್ರೆ ನಿಲ್ಲಿಸಿ ಪಾಕೀಟು ಶುರುಮಾಡಿದಳು. ಯಶವಂತಪುರದಲ್ಲಿ ಮುಚ್ಚಿಹೋದ ಒಂದು ಹೋಟೆಲಿನಿಂದ ಹಳೆಯ ಟಿಲ್ಟಿಂಗ್ ಗ್ರೈಂಡರ್ ತಂದೆವು. ಡ್ರಮ್ಮನ್ನು ಮುಂದಕ್ಕೆ ಬಾಗಿಸಿ ಹಿಟ್ಟು ಸುರಿದುಕೊಳ್ಳುವ ಯಂತ್ರ ಅದು. ನಡುಮನೆಯಲ್ಲಿದ್ದ ಸೋಫಾ ಹೊರಗೆ ಹೋಯಿತು, ಗ್ರೈಂಡರ್ ಒಳಗೆ ಬಂತು.

ಬಂದ ಮೂರನೇ ವಾರ ಅದು ಅವಳನ್ನು ಕೊಲ್ಲುವುದರಲ್ಲಿತ್ತು. ಮೋಟಾರಿನಿಂದ ಡ್ರಮ್ಮಿಗೆ ಹೋಗುವ ಬೆಲ್ಟಿನ ಮೇಲೆ ಇರಬೇಕಾದ ತಗಡಿನ ಕವರ್ ಇರಲಿಲ್ಲ. ಹಾಕಿಸಿ ಎಂದು ಅವಳು ಎರಡು ಸಲ ಹೇಳಿದ್ದಳು. ಭಾನುವಾರ ಹಾಕಿಸೋಣ ಎಂದಿದ್ದೆ. ಶನಿವಾರ ಬೆಳಿಗ್ಗೆ ಉದ್ದು ತಿರುಗುತ್ತಿರುವಾಗ ಅವಳು ಬಗ್ಗಿ ಅಂಚಿನ ಹಿಟ್ಟು ಕೆರೆಯುತ್ತಿದ್ದಳು. ಸೆರಗಿನ ತುದಿ ಬೆಲ್ಟಿಗೆ ಸಿಕ್ಕಿತು. ಒಂದು ಕ್ಷಣದಲ್ಲಿ ಅವಳ ಕತ್ತು ಕೆಳಗೆ ಹೋಯಿತು, ಬಾಯಿ ಡ್ರಮ್ಮಿನ ಅಂಚಿಗೆ ಬಡಿಯಿತು. ನಾನು ಸ್ವಿಚ್ ಆರಿಸುವಷ್ಟರಲ್ಲಿ ಸೆರಗು ಹಗ್ಗವಾಗಿ ಹೊಸೆದುಕೊಂಡಿತ್ತು. ಕತ್ತರಿಯಿಂದ ಬಿಡಿಸಬೇಕಾಯಿತು. ಕತ್ತಿನ ಸುತ್ತ ಕೆಂಪು ಗೆರೆ, ಕೆಳತುಟಿಯಲ್ಲಿ ಹಲ್ಲು ಇಳಿದ ತೂತು, ಬಿಳಿ ಹಿಟ್ಟಿನಲ್ಲಿ ರಕ್ತದ ಸುಳಿ.

"ಕವರ್ ಹಾಕ್ಸಿ ಅಂದಿದ್ದೆ ತಾನೆ?" ಎಂದಳು, ತುಟಿಗೆ ಬಟ್ಟೆ ಒತ್ತಿಕೊಂಡು.

"ಅಂದಿದ್ದೆ."

"ಮತ್ತೆ ನಿಂತ್ಕೊಂಡು ಏನ್ ನೋಡ್ತಿದೀರ? ಆ ಹಿಟ್ಟು ಚೆಲ್ಲಿ, ಡ್ರಮ್ ತೊಳೀರಿ. ಮಧ್ಯಾಹ್ನಕ್ಕೆ ಬೇರೆ ಉದ್ದು ನೆನೆಹಾಕ್ಬೇಕು."

ಕವರನ್ನು ಆ ಸಂಜೆಯೇ ಹಾಕಿಸಿದೆ. ಇದನ್ನು ಇಲ್ಲಿ ದಾಖಲಿಸುವುದಕ್ಕೆ ಕಾರಣವಿದೆ. ಅವಳು ಹೇಳಿದ ಸಣ್ಣ ಎಚ್ಚರಿಕೆಯನ್ನು ಆಮೇಲೆ ನೋಡೋಣ ಎಂದು ತಳ್ಳಿದ್ದು ಅದೇ ಕೊನೆಯ ಸಲವಲ್ಲ.

ಮನೆಯ ಮಾಲೀಕರು ಹಳೆಯ ಊರಿನವರು. ಹಿಂದೆ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಅವರ ಆರು ಮನೆಗಳಿದ್ದವು. ಬೀದಿಯ ತಿರುವಿನಲ್ಲಿ ಅವರ ದೊಡ್ಡ ಮನೆ. ಗ್ರೈಂಡರ್ ಸದ್ದು ಕೇಳಿ ಒಂದು ದಿನ ಗೇಟಿನ ಹತ್ತಿರ ಬಂದು ನಿಂತರು.

"ಏನ್ ಪೇಪರ್ನೋರೆ, ನಮ್ ಮನೇಲಿ ಫ್ಯಾಕ್ಟ್ರಿ ಆಕ್ಬಿಟ್ರಂತೆ?"

"ಫ್ಯಾಕ್ಟ್ರಿ ಏನಿಲ್ಲ ಯಜಮಾನ್ರೆ. ದೋಸೆ ಹಿಟ್ಟು."

"ಬೆಳಗಾದ್ರೆ ಎಮ್ಮೆ ಮೆಲುಕಾಕ್ದಂಗೆ ಕೇಳ್ತದೆ. ಇರ್ಲಿ ಬುಡಿ. ನಮ್ಮನೇಗೂ ಒಂದೆರಡ್ ಪಾಕೀಟ್ ಕಳ್ಸಿ."

ಕಳಿಸಿದೆವು. ಗಾಡಿಯವನನ್ನು ನಮ್ಮ ಹತ್ತಿರ ಕಳಿಸಿದ್ದೂ ಅವರೇ. ಸೋಲದೇವನಹಳ್ಳಿಯಲ್ಲಿ ಕಾಲೇಜಿಗೆ ಎದುರಾಗಿ ಅವರದೊಂದು ಖಾಲಿ ಸೈಟಿತ್ತು. ಅದರ ಮೂಲೆಯಲ್ಲಿ ಅವನ ಗಾಡಿ ನಿಲ್ಲುತ್ತಿತ್ತು. ಬೆಳಿಗ್ಗೆ ಆರಕ್ಕೆ ಅವನು ಮೊಪೆಡ್ಡಿನ ಎರಡೂ ಬದಿಗೆ ಸ್ಟೀಲ್ ಬಕೆಟ್ ತಗುಲಿಸಿಕೊಂಡು ಬರುತ್ತಿದ್ದ. ಬಕೆಟ್ಟಿನ ಮುಚ್ಚಳ ತೆಗೆದು ಮೂಗು ತೂರಿಸುತ್ತಿದ್ದ. "ಅಕ್ಕ, ಇವತ್ತು ಹಿಟ್ಟು ನನ್ ಹೆಂಡ್ತಿ ಥರ ಮುನಿಸ್ಕೊಂಡೈತೆ, ಎದ್ದೇ ಇಲ್ಲ" ಎನ್ನುತ್ತಿದ್ದ. "ನಿನ್ನ ಮುಖ ನೋಡಿದ್ರೆ ಹೆಂಗೆ ಏಳುತ್ತೆ, ಹೋಗು" ಎನ್ನುತ್ತಿದ್ದಳು ಇವಳು. ಒಂದೆರಡು ಸಲ ಅವನ ಗಾಡಿಯ ಹತ್ತಿರ ನಿಂತು ದೋಸೆ ಹುಯ್ಯುವುದನ್ನು ನೋಡಿದ್ದೇನೆ. ಸೌಟನ್ನು ಹೆಂಚಿನ ನಡುವೆ ಇಟ್ಟು ಮಣಿಕಟ್ಟನ್ನಷ್ಟೇ ತಿರುಗಿಸುತ್ತಿದ್ದ, ತೋಳು ಅಲುಗುತ್ತಿರಲಿಲ್ಲ. ಅಂಚಿನವರೆಗೂ ಒಂದೇ ತೆಳುವಿನ ದೋಸೆ. ಹುಡುಗರು ಅದಕ್ಕಾಗಿಯೇ ಸಾಲು ನಿಲ್ಲುತ್ತಿದ್ದರು.

ಆಯುಧಪೂಜೆ ಬಂತು. ನಮ್ಮ ಕಸುಬಿಗೆ ಅದು ಮೊದಲನೆಯದು. ಗ್ರೈಂಡರ್ ತೊಳೆದು ಒರೆಸಿ, ಕಲ್ಲುಗಳಿಗೆ ಅರಿಶಿನ ಕುಂಕುಮ ಹಚ್ಚಿ, ಪಾಕೀಟು ಸೀಲ್ ಮಾಡುವ ಯಂತ್ರಕ್ಕೂ ಹೂವು ಮುಡಿಸಿದೆವು. ಗಾಡಿಯವನನ್ನು ಕರೆದಿದ್ದೆವು. ಅವನು ದೋಸೆ ಸೌಟನ್ನು ತಂದು ನಮ್ಮ ಗ್ರೈಂಡರಿನ ಪಕ್ಕ ಪೂಜೆಗೆ ಇಟ್ಟ.

ಕೊನೆಗೆ ಬೂದುಗುಂಬಳ. ತಲೆ ಕೊಯ್ದು, ತಿರುಳಿಗೆ ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ ಮೂರು ಸುತ್ತು ನಿವಾಳಿಸಿದೆ. ದೃಷ್ಟಿ ಹೋಗಲು ಅದನ್ನು ಹೊರಗೆ ಒಡೆಯಬೇಕು.

"ಮೋರಿ ಕಡೆ ಒಡೀರಿ" ಎಂದಳು ಹೆಂಡತಿ. "ರಸ್ತೆ ಮಧ್ಯೆ ಬೇಡ."

ನಮ್ಮ ಪ್ರೆಸ್ಸಿನಲ್ಲಿ ಆಯುಧಪೂಜೆಯ ದಿನ ಯಂತ್ರದ ಕೆಲಸಗಾರರು ಕುಂಬಳಕಾಯಿಯನ್ನು ತಲೆಯ ಮೇಲಕ್ಕೆತ್ತಿ ಅಂಗಳದ ನಡುವೆ ಅಪ್ಪಳಿಸುತ್ತಿದ್ದರು. ನನಗೆ ಗೊತ್ತಿದ್ದ ರೀತಿ ಅದು. ಅಲ್ಲಿ ಆಮೇಲೆ ಗುಡಿಸುತ್ತಿದ್ದವರು ಯಾರೆಂದು ನಾನು ನೋಡಿದವನಲ್ಲ. ರಸ್ತೆಯಲ್ಲಿ ಕುಂಬಳಕಾಯಿ ಒಡೆಯಬೇಡಿ, ಬೈಕುಗಳು ಜಾರುತ್ತವೆ ಎಂಬ ಮನವಿಯನ್ನು ಪ್ರತಿ ವರ್ಷವೂ ಒಳಪುಟದ ಸಿಂಗಲ್ ಕಾಲಮ್ಮಿಗೆ ಇಳಿಸುತ್ತಿದ್ದವನೂ ನಾನೇ. ರಸ್ತೆಯ ನಡುವಿಗೆ ಹೋಗಿ ಎರಡೂ ಕೈಯಲ್ಲಿ ಎತ್ತಿ ಒಡೆದೆ. ಚೂರುಗಳು ಈ ಮೋರಿಯಿಂದ ಆ ಮೋರಿಯವರೆಗೂ ಹರಡಿದವು. ತಿರುಳು ಟಾರಿಗೆ ಅಂಟಿತು, ಕೆಂಪು ನೀರು ಇಳಿಜಾರಿನಲ್ಲಿ ಹರಿಯಿತು.

"ಗುಡಿಸ್ಬಿಡಿ" ಎಂದಳು.

"ಮೊದ್ಲು ಅವ್ನಿಗೆ ಪ್ರಸಾದ ಕೊಡೋಣ. ಗುಡಿಸಿದ್ರಾಯ್ತು."

ಗಾಡಿಯವನು ಕೈಯಲ್ಲಿದ್ದ ಕಡಲೆಪುರಿಯ ತಟ್ಟೆಯನ್ನು ಜಗಲಿಯ ಮೇಲಿಟ್ಟ. "ಗಾಡಿಗಳು ಬರ್ತವೆ ಸಾರ್, ಒಂದ್ನಿಮ್ಷ, ಪಕ್ಕಕ್ಕೆ ತಳ್ಬಿಡ್ತೀನಿ" ಎಂದು ನಮ್ಮ ಪೊರಕೆ ತೆಗೆದುಕೊಂಡು ಹೋದ. ಪೊರಕೆಗೆ ಬಾರದ ದೊಡ್ಡ ಚೂರುಗಳನ್ನು ಕುಕ್ಕರಗಾಲಲ್ಲಿ ಕೂತು ಕೈಯಿಂದ ಆರಿಸತೊಡಗಿದ.

ಮಾಲೀಕರ ಕಿರಿಯ ಮಗ ಅದೇ ಆಗ ಬೈಕಿನಲ್ಲಿ ಬಂದ. ಹ್ಯಾಂಡಲಿಗೆ ಹಾರ, ತಲೆಗೆ ಹೆಲ್ಮೆಟ್ ಇಲ್ಲ. ಎದುರಿಗೆ ಕೂತವನನ್ನು ಕಂಡು ಬ್ರೇಕ್ ಹಿಡಿದ. ಮುಂದಿನ ಚಕ್ರ ತಿರುಳಿನ ಮೇಲಿತ್ತು. ಬೈಕು ಒಂದು ಕಡೆ ಹೋಯಿತು, ಅವನು ಒಂದು ಕಡೆ. ಮುಖ ಕೆಳಗಾಗಿ ಜಾರಿ ವಿದ್ಯುತ್ ಕಂಬದ ಬುಡಕ್ಕೆ ಹೋಗಿ ನಿಂತ. ಎದ್ದು ಕೂರಲು ನೋಡಿದಾಗ ಎಡಭುಜ ತನ್ನ ಜಾಗದಲ್ಲಿರಲಿಲ್ಲ. ಮುಂದಿನ ಎರಡು ಹಲ್ಲು ಹೋಗಿದ್ದವು. ಕೆನ್ನೆಯ ಚರ್ಮ ಟಾರಿನ ಮೇಲಿತ್ತು. ಕುಂಕುಮದ ನೀರು ತೆಳು, ರಕ್ತ ದಪ್ಪ. ಎರಡನ್ನೂ ಬೇರೆಬೇರೆಯಾಗಿ ಗುರುತಿಸಲು ಕಷ್ಟವಾಗಲಿಲ್ಲ.

ಹಿಂದೆಯೇ ಜೀಪಿನಲ್ಲಿ ಅವನ ಗೆಳೆಯರು ನಾಲ್ವರು ಬಂದರು.

"ಯಾವನೋ ಎಸ್ದಿದ್ದು ಇದನ್ನ?"

"ಇವ್ನೇ ಕಣೋ ಮಗಾ. ಕೈಲೇ ಐತೆ ನೋಡು."

ನನ್ನ ಬಲ ಅಂಗೈಯಲ್ಲಿ ಕುಂಕುಮವಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ರಾಜಕೀಯದ ಸುದ್ದಿಗಳಿಗೆ ಎಷ್ಟೋ ಸಲ ಶೀರ್ಷಿಕೆಯಾಗಿ ಕೊಟ್ಟಿದ್ದೇನೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ. ಅಂಗೈಯನ್ನು ಪಂಚೆಯ ಹಿಂಭಾಗಕ್ಕೆ ಒರೆಸಿಕೊಂಡೆ.

"ಗುಡಿಸ್ತಿದ್ದೆ ಅಣ್ಣಾ, ನಾನು ಗುಡಿಸ್ತಿದ್ದೆ" ಎಂದ ಅವನು. ಒಡೆದದ್ದು ಇವರು ಎಂದು ಹೇಳಲಿಲ್ಲ. ಒಂದು ಸಲ ನನ್ನ ಕಡೆ ತಿರುಗಿ ನೋಡಿದ. ಆಮೇಲೆ ಮುಖ ಮುಚ್ಚಿಕೊಂಡ. ಸ್ಪ್ಯಾನರ್ ನಾಲ್ಕು ಸಲ ಬಿತ್ತು: ಒಂದು ಬೆನ್ನಿಗೆ, ಒಂದು ಸೊಂಟಕ್ಕೆ, ಎರಡು ತಲೆಗೆ ಅಡ್ಡ ಹಿಡಿದ ಬಲಗೈಗೆ. ಮೂಳೆ ಮುರಿಯುವ ಸದ್ದು ದೊಡ್ಡದಿರುತ್ತದೆ ಎಂದುಕೊಂಡಿದ್ದೆ. ಹಪ್ಪಳ ಮುರಿದಷ್ಟೇ ಇತ್ತು.

ಐದನೆಯದು ಬೀಳಲಿಲ್ಲ. ನನ್ನ ಹೆಂಡತಿ ನನ್ನನ್ನು ದಾಟಿಕೊಂಡು ಹೊರಗೆ ಹೋದದ್ದು ನನಗೆ ಗೊತ್ತಾದದ್ದು ಅವಳ ಕೈಯಲ್ಲಿದ್ದ ಬಕೆಟ್ ಮೊಣಕಾಲಿಗೆ ತಾಗಿದಾಗ. ಗಾಡಿಯವನಿಗೆಂದು ತುಂಬಿಟ್ಟಿದ್ದ ಹಿಟ್ಟನ್ನು ಅವಳು ಸ್ಪ್ಯಾನರಿನವನ ಮುಖಕ್ಕೆ ಪೂರ್ತಿ ಎರಚಿದಳು. ಅವನು ಕಣ್ಣು ಉಜ್ಜಿಕೊಳ್ಳುತ್ತಾ ಹಿಂದೆ ಸರಿದ. ಇನ್ನೊಬ್ಬ ಅವಳ ಕೆನ್ನೆಗೆ ಹೊಡೆದ. ಅವಳು ಖಾಲಿ ಬಕೆಟ್ಟನ್ನು ಅವನ ಹಣೆಗೆ ಬೀಸಿದಳು. ಹಣೆ ಬಿರಿಯಿತು. ಅಷ್ಟರಲ್ಲಿ ಬೈಕಿನಿಂದ ಬಿದ್ದವನು ನೋವಿಗೆ ಕೂಗಿಕೊಂಡ. ಎಲ್ಲರೂ ಅವನನ್ನು ಎತ್ತಿ ಜೀಪಿಗೆ ಹಾಕಿಕೊಂಡು ಹೋದರು. ಎಲ್ಲ ಸೇರಿ ಎರಡು ನಿಮಿಷವಿರಬಹುದು.

ಹೆಸರಘಟ್ಟ ರಸ್ತೆಯ ಒಂದು ನರ್ಸಿಂಗ್ ಹೋಮಿನಲ್ಲಿ ಗಾಡಿಯವನ ಮಣಿಕಟ್ಟಿಗೆ ಪ್ಲೇಟ್ ಹಾಕಿದರು. ಮೂರನೇ ದಿನ ನಾವು ಹೋದಾಗ ಎದ್ದು ಕೂತಿದ್ದ. ಮಾಲೀಕರ ಮನೆಯಿಂದ ಅವನಿಗೆ ಮಾತು ಬಂದಿತ್ತು: ಸೈಟಿನ ಮೂಲೆಯಿಂದ ಗಾಡಿ ಎತ್ತಬೇಕು.

"ಕೈ ಹೋದ್ರೆ ಹೋಗ್ಲಿ ಸಾರ್" ಎಂದ. "ಒಂಬತ್ತು ವರ್ಷದ ಜಾಗ ಅದು. ಹುಡುಗ್ರಿಗೆ ಅಲ್ಲೇ ಅಂತ ಗೊತ್ತು. ನೀವು ಪೇಪರ್ನೋರು, ಯಜಮಾನ್ರು ನಿಮ್ ಮಾತು ಕೇಳ್ತಾರೆ. ಜಾಗ ಒಂದು ಉಳಿಸ್ಕೊಡಿ."

ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ಒಡೆದವರು ನೀವು ಎನ್ನಲಿ ಎಂದು ನಾನು ಒಂದು ಗಳಿಗೆ ಕಾದೆ.

ಮನೆಗೆ ಬಂದು ದೂರು ಬರೆಯಲು ಕೂತೆ. ಕೆಲಸದ ರೀತಿ ಕೈಗೆ ಗೊತ್ತಿತ್ತು: ಸ್ಥಳ, ಹೊತ್ತು, ಹಲ್ಲೆ ಮಾಡಿದವರ ಚಹರೆ, ಜೀಪಿನ ಬಣ್ಣ, ಆಯುಧ, ಗಾಯ. ಮೊದಲ ಸಾಲಿನಲ್ಲೇ 'ಕ್ಷುಲ್ಲಕ ಕಾರಣಕ್ಕೆ' ಎಂದು ಬರೆದಿದ್ದೆ. ಹೊಡೆದಾಟದ ಸುದ್ದಿಗೆಲ್ಲ ನಾವು ಹಾಕುತ್ತಿದ್ದ ಮಾತು ಅದು. ಹೆಂಡತಿ ಓದಿದಳು. ಕೆನ್ನೆ ಇನ್ನೂ ಊದಿಕೊಂಡಿತ್ತು.

"ಒಡೆದವ್ರು ಯಾರು ಅಂತ ಇಲ್ವಲ್ಲ."

"ಇದು ಹೊಡೆದವ್ರ ಮೇಲಿನ ದೂರು. ಅದು ಬೇಕಾಗಿಲ್ಲ."

"ರೀ, ಬೇರೆಯವ್ರು ಬರ್ಕೊಂಡ್ ಬಂದದ್ರಲ್ಲಿ ಏನ್ ಬಿಟ್ಟಿದಾರೆ ಅಂತ ಹುಡ್ಕೋದು ತಾನೆ ನಿಮ್ ಕೆಲ್ಸ ಆಗಿದ್ದಿದ್ದು?"

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಹೇಳಿದ್ರೆ ಮನೆ ಹೋಗುತ್ತೆ" ಎಂದೆ. "ಗ್ರೈಂಡರ್ ಎಲ್ಲಿಡ್ತೀಯ?"

"ಹೇಳ್ದೆ ಇದ್ರೆ ಅವ್ನು ಗಾಡಿ ಎಲ್ಲಿಡ್ತಾನೆ?"

ಆ ದೂರನ್ನು ಕೊಡಲಿಲ್ಲ. ಬೇಡ ಎಂದವನು ಗಾಡಿಯವನೇ. ಪೊಲೀಸರ ಹತ್ತಿರ ಹೋದರೆ ಜಾಗ ಗ್ಯಾರಂಟಿ ಹೋಗುತ್ತದೆ ಎಂದು ಫೋನಿನಲ್ಲಿ ಕೈಮುಗಿಯುವವನಂತೆ ಮಾತಾಡಿದ. ಮರುದಿನ ಮಧ್ಯಾಹ್ನ ಮೂರೂವರೆಗೆ ನಾನು ತಿರುವಿನ ದೊಡ್ಡ ಮನೆಗೆ ಹೋದೆ.

ಮಾಲೀಕರು ಪೋರ್ಟಿಕೋದಲ್ಲಿ ಕುರ್ಚಿಯಲ್ಲಿ ಕೂತಿದ್ದರು. ಒಳಗೆ ಮಗ ಮಲಗಿದ್ದ. ಬಾಗಿಲಿನಿಂದ ಪಟ್ಟಿ ಕಟ್ಟಿದ ಭುಜ ಕಾಣುತ್ತಿತ್ತು. ಗೆಳೆಯರು ಜೀಪಿಗೆ ಒರಗಿ ನಿಂತಿದ್ದರು. ಒಬ್ಬನ ಹಣೆಗೆ ಪ್ಲಾಸ್ಟರ್ ಇತ್ತು.

"ಕುಂಬಳಕಾಯಿ ಒಡೆದದ್ದು ನಾನು ಯಜಮಾನ್ರೆ. ಅವನು ಗುಡಿಸೋಕೆ ಹೋಗಿದ್ದ."

ಅವರು ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು.

"ಅವತ್ತೇ ಯಾಕೆ ಏಳ್ಲಿಲ್ಲ?"

"ಹೆದರಿದೆ."

"ಎದುರ್ಗಡೆ ಒಬ್ಬ ಸಾಯೋ ಅಂಗೆ ಏಟ್ ತಿಂತಾವ್ನೆ, ನೀನು ನೋಡ್ತಾ ನಿಂತಿದ್ದೆ."

"ಹೌದು."

ಎದ್ದು ಬಂದು ಕಪಾಳಕ್ಕೆ ಹೊಡೆದರು. ಎಪ್ಪತ್ತು ದಾಟಿದ ಕೈ, ಆದರೆ ನೇಗಿಲು ಹಿಡಿದಿದ್ದ ಕೈ. ಕನ್ನಡಕ ಹಾರಿ ಮೆಟ್ಟಿಲಿಗೆ ಬಿತ್ತು. ಕಿವಿಯೊಳಗೆ ಶುರುವಾದ ಸಿಳ್ಳೆ ಎರಡು ದಿನ ನಿಲ್ಲಲಿಲ್ಲ. ಎರಡನೆಯ ಏಟಿಗೆ ನಾನು ಮುಖ ಸರಿಸಲಿಲ್ಲ. ಧೈರ್ಯದಿಂದಲ್ಲ. ಕನ್ನಡಕವಿಲ್ಲದೆ ಅದು ಬರುವುದು ಕಾಣಲಿಲ್ಲ.

"ನಮ್ ಉಡುಗ್ರ ಏಟು ತಪ್ ಮನ್ಸಂಗೆ ಬಿದ್ದೈತೆ" ಎಂದರು, ಯಾರಿಗೆಂದು ಇಲ್ಲದೆ. ಕುರ್ಚಿಗೆ ಹೋಗಿ ಕೂತರು. "ಅವನ್ ಗಾಡಿ ಅಲ್ಲೇ ಇರ್ಲಿ. ಯಾವನೂ ಮುಟ್ಟಂಗಿಲ್ಲ. ನೀನು ತಿಂಗ್ಳೊಳ್ಗೆ ಮನೆ ಬುಟ್ಟು ಓಗು."

ಜೀಪಿಗೆ ಒರಗಿದ್ದವರು ಆ ಮಾತು ಮುಗಿಯುವ ಮೊದಲೇ ನಮ್ಮ ಮನೆಯ ಕಡೆ ಹೊರಟಿದ್ದರು. ಮಾಲೀಕರು ಅದನ್ನು ನೋಡಿದರು. ಕಳಿಸಲಿಲ್ಲ, ತಡೆಯಲೂ ಇಲ್ಲ.

ನಾನು ಕನ್ನಡಕದ ಚೂರು ಹುಡುಕಿಕೊಂಡು ಮನೆ ಸೇರುವಷ್ಟರಲ್ಲಿ ಗ್ರೈಂಡರ್ ರಸ್ತೆಯಲ್ಲಿತ್ತು. ವೈರು ಗೋಡೆಯಿಂದ ಸಾಕೆಟ್ಟಿನ ಸಮೇತ ಕಿತ್ತುಬಂದಿತ್ತು. ಡ್ರಮ್ಮಿನಲ್ಲಿ ಅರ್ಧ ತಿರುಗಿದ ಅಕ್ಕಿ ಇತ್ತು. ಇಬ್ಬರು ಡ್ರಮ್ ಮಗುಚಿದರು. ಒಬ್ಬ ಹಾರೆಯಿಂದ ಮೋಟಾರು ಚಚ್ಚಿದ. ನಾನು ಅಂದು ಹಾಕಿಸಿದ್ದ ತಗಡಿನ ಕವರ್ ಮೊದಲ ಏಟಿಗೇ ಮಡಚಿಕೊಂಡಿತು. ನಾಲ್ಕನೆಯವನು ಅರೆಯುವ ಕಲ್ಲನ್ನು ಎದೆಯವರೆಗೆ ಎತ್ತಿ, ಕುಂಬಳಕಾಯಿ ಬಿದ್ದಿದ್ದ ಜಾಗದಲ್ಲೇ ಹಾಕಲು ನೋಡುತ್ತಿದ್ದ. ಕಲ್ಲು ಒಂದು ಪಕ್ಕಕ್ಕೆ ವಾಲುತ್ತಿತ್ತು.

ನನ್ನ ಹೆಂಡತಿ ಗೇಟಿನಲ್ಲಿ ನಿಂತಿದ್ದಳು. "ನಿಧಾನ ಕಣಪ್ಪ" ಎಂದಳು, "ಕಾಲ್ಮೇಲೆ ಹಾಕ್ಕೋತೀಯ."

ಅವನು ಅವಳನ್ನು ನೋಡಿದ. ಕಾಲು ಹಿಂದಕ್ಕಿಟ್ಟು ಕಲ್ಲು ಬಿಟ್ಟ. ಅದು ಎರಡು ಹೋಳಾಯಿತು. ಹಿಟ್ಟು ಇಳಿಜಾರು ಹಿಡಿದು ಮೋರಿಯ ಕಡೆ ಹರಿಯಿತು. ಟಾರಿನ ಮೇಲೆ ಉಳಿದಿದ್ದ ಕೆಂಪು ಕಲೆ ಅದರಡಿಯಲ್ಲಿ ಮುಚ್ಚಿಹೋಯಿತು. ಅವರು ಹೋದ ಮೇಲೆ ನಾನು ಪೊರಕೆ ತೆಗೆದುಕೊಂಡು ರಸ್ತೆ ಗುಡಿಸಿದೆ. ಆ ಮೋರಿಯಿಂದ ಈ ಮೋರಿಯವರೆಗೆ. ಕತ್ತಲಾಗುವವರೆಗೂ ಯಾವ ಬೈಕಿನವನೂ ಜಾರಲಿಲ್ಲ.

ಈಗ ನಾವಿರುವುದು ಸೋಲದೇವನಹಳ್ಳಿಯ ಆಚೆ, ಶೀಟು ಹೊದಿಸಿದ ಎರಡು ಕೋಣೆಯ ಮನೆಯಲ್ಲಿ. ಇನ್ನೊಂದು ಹಳೆಯ ಗ್ರೈಂಡರ್ ಸಿಕ್ಕಿತು. ಬೆಲ್ಟಿಗೆ ಕವರ್ ಹಾಕಿಸಿದ ಮೇಲೆಯೇ ಪ್ಲಗ್ ಚುಚ್ಚಿದೆ. ಗಾಡಿ ಅದೇ ಮೂಲೆಯಲ್ಲಿ ನಿಲ್ಲುತ್ತದೆ. ಆದರೆ ಅವನ ಬಲ ಮಣಿಕಟ್ಟು ತಿರುಗುವುದಿಲ್ಲ. ದೋಸೆಯ ಹೆಂಚನ್ನು ಮಾರಿಬಿಟ್ಟ. ಈಗ ಇಡ್ಲಿ ಮಾತ್ರ. ನಮ್ಮಿಂದ ತೆಗೆದುಕೊಳ್ಳುವುದೂ ಇಡ್ಲಿ ಹಿಟ್ಟು, ದಿನಕ್ಕೆ ಒಂದೇ ಬಕೆಟ್. ಸಾಲು ನಿಲ್ಲುವ ಹುಡುಗರು ಅರ್ಧವಾಗಿದ್ದಾರೆ.

ಒಂದು ಬೆಳಿಗ್ಗೆ ಬಕೆಟ್ ತಗುಲಿಸಿಕೊಳ್ಳುತ್ತಾ, "ಸಾರ್, ನೀವು ಅವತ್ತು ಗೇಟ್ ಹತ್ರಾನೇ ಇದ್ರಿ" ಎಂದ.

"ಇದ್ದೆ."

"ಹ್ಞೂಂ. ನೋಡ್ದೆ ನಾನು."

ಮೊಪೆಡ್ ಸ್ಟಾರ್ಟ್ ಮಾಡಿಕೊಂಡು ಹೋದ. ಮರುದಿನವೂ ಬಂದ. ಆ ಮಾತನ್ನು ಮತ್ತೆ ಎತ್ತಿಲ್ಲ. ಹಿಟ್ಟು ಮುನಿಸಿಕೊಂಡಿದೆ ಎಂಬ ಹಳೆಯ ತಮಾಷೆಯನ್ನೂ ನನ್ನ ಎದುರಿಗೆ ಎತ್ತಿಲ್ಲ. ನಾನಿಲ್ಲದಾಗ ಅಕ್ಕನ ಹತ್ತಿರ ಆಡುತ್ತಾನಂತೆ.

ಮುಂದಿನ ಆಯುಧಪೂಜೆಗೆ ನಾನು ಅಭ್ಯಾಸದಿಂದ ಒಂದು ಬೂದುಗುಂಬಳ ತಂದೆ. ಹೆಂಡತಿ ಅದನ್ನು ನನ್ನ ಕೈಯಿಂದ ಇಸಕೊಂಡು ಒಳಗೆ ಹೋದಳು. ಈಳಿಗೆಮಣೆಯ ಸದ್ದು ಕೇಳಿತು. ಮಧ್ಯಾಹ್ನ ಅದರ ಮಜ್ಜಿಗೆಹುಳಿಯಾಗಿತ್ತು. ಗಾಡಿಯವನು ಊಟಕ್ಕೆ ಬಂದಿದ್ದ. ಎಲೆಯ ಮುಂದೆ ಕೂತ. ಅನ್ನ ಬಂತು, ಹುಳಿ ಬಂತು. ಬಲಗೈಯಿಂದ ಕಲಸಲು ನೋಡಿದ. ಬೆರಳುಗಳು ಅನ್ನವನ್ನು ತಳ್ಳಿದವು, ಹಿಡಿಯಲಿಲ್ಲ. ಎಡಗೈಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದ.

"ಅಕ್ಕ, ಒಂದು ಚಮಚ" ಎಂದ.

ಅವಳು ಒಲೆಯ ಹತ್ತಿರವಿದ್ದಳು. ತಂದುಕೊಟ್ಟದ್ದು ನಾನು.